ಸಿಂಗಾಪುರ ಕ್ರೂಸ್ ಮುಗಿಸಿ ವಿಮಾನದಲ್ಲಿ ಊರಿಗೆ: ಭದ್ರತಾ ತಪಾಸಣೆ ಮತ್ತು ಕಸ್ಟಮ್ಸ್ ಬಗ್ಗೆ ತಿಳಿದಿರಬೇಕಾದ ವಿಷಯಗಳು

ಸಿಂಗಾಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಕಡೆ ಹೋಗಿ ಮೂರು ನಾಲ್ಕು ದಿನಗಳಲ್ಲಿ ಮರಳುವ ಕ್ರೂಸ್ ಪ್ರವಾಸಕ್ಕೆ ನಮ್ಮ ರಾಜ್ಯದ ಅನೇಕ ಕುಟುಂಬಗಳು ಹೋಗಿಬರುತ್ತಿವೆ. ಹೋಗುವಾಗಿನ ವ್ಯವಸ್ಥೆಯನ್ನೆಲ್ಲ ಟ್ರಾವೆಲ್ ಏಜೆಂಟರು ನೋಡಿಕೊಳ್ಳುತ್ತಾರೆ. ಬರುವಾಗ ಮಾತ್ರ ಪ್ರತಿಯೊಬ್ಬರೂ ತಮ್ಮ ಚೀಲಕ್ಕೆ ತಾವೇ ಉತ್ತರ ಕೊಡಬೇಕು. ಹಡಗಿನಿಂದ ಮನೆಯವರೆಗೆ ಮೂರು ಕಡೆ ತಪಾಸಣೆ ಇರುತ್ತದೆ: ಸಿಂಗಾಪುರದ ಬಂದರು, ಚಾಂಗಿ ವಿಮಾನ ನಿಲ್ದಾಣ ಮತ್ತು ಬೆಂಗಳೂರಿನ ಕಸ್ಟಮ್ಸ್. ಮೂರಕ್ಕೂ ಬೇರೆ ಬೇರೆ ನಿಯಮ. ಒಂದು ಕಡೆ ನಡೆದದ್ದು ಇನ್ನೊಂದು ಕಡೆ ನಡೆಯುತ್ತದೆ ಎಂದು ನಂಬಿದವರಿಗೇ ಹೆಚ್ಚು ತೊಂದರೆ ಆಗುತ್ತದೆ.

ಹಡಗು ಇಳಿಯುವ ಹಿಂದಿನ ರಾತ್ರಿ

ದೊಡ್ಡ ಸೂಟ್‌ಕೇಸ್‌ಗಳಿಗೆ ಹಡಗಿನವರು ಕೊಟ್ಟ ಟ್ಯಾಗ್ ಕಟ್ಟಿ ರಾತ್ರಿಯೇ ಕೋಣೆಯ ಹೊರಗೆ ಇಡುವುದು ವಾಡಿಕೆ. ಅವು ಮತ್ತೆ ಕೈಗೆ ಸಿಗುವುದು ಬೆಳಿಗ್ಗೆ ಬಂದರಿನಲ್ಲಿ. ಆದ್ದರಿಂದ ಪಾಸ್‌ಪೋರ್ಟ್, ಔಷಧಿ, ಆಭರಣ, ಹಣ ಮತ್ತು ಮರುದಿನ ತೊಡುವ ಬಟ್ಟೆ ಕೈಚೀಲದಲ್ಲೇ ಇರಲಿ. ಕೆಲವು ಹಡಗುಗಳಲ್ಲಿ ಪ್ರಯಾಣಿಕರ ಪಾಸ್‌ಪೋರ್ಟನ್ನು ಸಿಬ್ಬಂದಿಯೇ ಇಟ್ಟುಕೊಂಡಿರುತ್ತಾರೆ. ಅದನ್ನು ಮರಳಿ ಪಡೆದದ್ದನ್ನು ಖಚಿತ ಮಾಡಿಕೊಂಡೇ ಮಲಗಬೇಕು.

ಬೆಳಿಗ್ಗೆ ಹಡಗು ದಡ ಮುಟ್ಟಿದರೂ ಎಲ್ಲರೂ ಇಳಿದು ವಲಸೆ ವಿಭಾಗ ದಾಟಿ ಹೊರಬರಲು ಎರಡು ಮೂರು ಗಂಟೆ ಹಿಡಿಯಬಹುದು. ಮರೀನಾ ಬೇ ಕ್ರೂಸ್ ಸೆಂಟರ್‌ನಿಂದ ಚಾಂಗಿಗೆ ಟ್ಯಾಕ್ಸಿಯಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ಮಧ್ಯಾಹ್ನ ಒಂದು ಗಂಟೆಗೆ ಮೊದಲು ಹೊರಡುವ ವಿಮಾನಕ್ಕೆ ಟಿಕೆಟ್ ಮಾಡಿಸದಿರುವುದು ಕ್ಷೇಮ.

ಬಂದರು: ಸಿಂಗಾಪುರಕ್ಕೆ ಎರಡನೇ ಸಲ ಪ್ರವೇಶ

ಹಡಗು ಹತ್ತುವಾಗ ಸಿಂಗಾಪುರ ಬಿಟ್ಟಂತೆ, ಇಳಿಯುವಾಗ ಮತ್ತೆ ಪ್ರವೇಶಿಸಿದಂತೆ ಲೆಕ್ಕ. ಹೀಗಾಗಿ ಒಂದೇ ಪ್ರವೇಶದ ವೀಸಾ ಸಾಲದು. ಹಲವು ಪ್ರವೇಶದ ವೀಸಾ ಇದೆಯೇ ಎಂದು ಊರಲ್ಲೇ ನೋಡಿಕೊಳ್ಳಬೇಕು. ಎಸ್‌ಜಿ ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ಅರ್ಜಿಯನ್ನು ಈ ಎರಡನೇ ಪ್ರವೇಶಕ್ಕೂ, ಬರುವ ದಿನಕ್ಕೆ ಮೂರು ದಿನಗಳ ಒಳಗೆ, ಹೊಸದಾಗಿ ತುಂಬಬೇಕು. ಸರ್ಕಾರದ ಜಾಲತಾಣದಲ್ಲಿ ಇದು ಉಚಿತ. ಹಣ ಕೇಳುವ ತಾಣಗಳಿಂದ ದೂರವಿರಬೇಕು.

ಹಡಗಿನ ಅಂಗಡಿಯಲ್ಲಿ ಸುಂಕವಿಲ್ಲದೆ ಕೊಂಡ ವಸ್ತುವಿಗೂ ಇಲ್ಲಿ ಲೆಕ್ಕವಿದೆ. ಸಿಂಗಾಪುರದಿಂದ 48 ಗಂಟೆ ಅಥವಾ ಹೆಚ್ಚು ಹೊರಗಿದ್ದ ಪ್ರವಾಸಿಗೆ 500 ಸಿಂಗಾಪುರ ಡಾಲರ್‌ವರೆಗಿನ ಹೊಸ ವಸ್ತುಗಳಿಗೆ ಅಲ್ಲಿನ ಜಿಎಸ್‌ಟಿಯಿಂದ ವಿನಾಯಿತಿ ಇದೆ. 48 ಗಂಟೆಗಿಂತ ಕಡಿಮೆಯಾದರೆ 100 ಡಾಲರ್ ಮಾತ್ರ. ಎರಡು ರಾತ್ರಿಯ ಸಣ್ಣ ಕ್ರೂಸ್‌ಗೆ ಹೋದವರು ಗಂಟೆಗಳನ್ನು ಎಣಿಸಿ ನೋಡಬೇಕು. ಚ್ಯೂಯಿಂಗ್ ಗಮ್ ಅನ್ನು ಸಿಂಗಾಪುರದೊಳಕ್ಕೆ ತರುವಂತಿಲ್ಲ.

ಚಾಂಗಿ: ತಪಾಸಣೆ ಗೇಟಿನ ಬಳಿ

ನಮ್ಮಲ್ಲಿ ಭದ್ರತಾ ತಪಾಸಣೆ ಮುಗಿದ ಮೇಲೆ ಅಂಗಡಿಗಳು ಬರುತ್ತವೆ. ಚಾಂಗಿಯ 1, 2 ಮತ್ತು 3ನೇ ಟರ್ಮಿನಲ್‌ಗಳಲ್ಲಿ ಮೊದಲು ಅಂಗಡಿ, ಕೊನೆಗೆ ವಿಮಾನದ ಗೇಟಿನ ಬಾಗಿಲಲ್ಲಿ ತಪಾಸಣೆ. 4ನೇ ಟರ್ಮಿನಲ್‌ನಲ್ಲಿ ಮಾತ್ರ ಎಲ್ಲರಿಗೂ ಒಂದೇ ಕಡೆ ತಪಾಸಣೆ ಇದೆ. ಇದು ತಿಳಿಯದೆ ಒಳಗೆ ನೀರು ತುಂಬಿಸಿಕೊಂಡು ಗೇಟಿಗೆ ಬಂದವರು ಅದನ್ನು ಚೆಲ್ಲಬೇಕಾಗುತ್ತದೆ. ಹಿರಿಯರು ನೀರು ಕುಡಿದು, ಶೌಚಾಲಯಕ್ಕೆ ಹೋಗಿ ಬಂದು, ಸ್ವಲ್ಪ ಮುಂಚಿತವಾಗಿಯೇ ಗೇಟು ಸೇರುವುದು ಒಳ್ಳೆಯದು.

ಕೈಚೀಲದ ದ್ರವ ಪದಾರ್ಥ ಪ್ರತಿಯೊಂದೂ 100 ಮಿಲಿ ಡಬ್ಬಿಯೊಳಗೆ ಇರಬೇಕು. ಎಲ್ಲವೂ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. ಉಪ್ಪಿನಕಾಯಿ, ತುಪ್ಪ, ಚಟ್ನಿ, ಜಾಮ್ ಇವೂ ದ್ರವದ ಲೆಕ್ಕಕ್ಕೇ ಸೇರುತ್ತವೆ. ಅರ್ಧ ಖಾಲಿಯಾದ 200 ಮಿಲಿ ಬಾಟಲಿಯೂ ನಡೆಯದು, ನೋಡುವುದು ಬಾಟಲಿಯ ಅಳತೆಯನ್ನು. ಖಾಖ್ರಾ, ಚಟ್ನಿಪುಡಿ, ಒಣ ತಿಂಡಿಗೆ ತೊಂದರೆ ಇಲ್ಲ. ಹಡಗಿನಲ್ಲಿ ಕೊಂಡ ದೊಡ್ಡ ಸೆಂಟಿನ ಬಾಟಲಿಯನ್ನು ಚೆಕ್-ಇನ್ ಸೂಟ್‌ಕೇಸ್‌ನಲ್ಲೇ ಇಡಬೇಕು. ಚಾಂಗಿಯ ಅಂಗಡಿಯಲ್ಲಿ ಕೊಂಡದ್ದನ್ನು ಅಂಗಡಿಯವರು ಮುದ್ರೆ ಹಾಕಿದ ಚೀಲದಲ್ಲಿ ಕೊಡುತ್ತಾರೆ. ಊರು ಸೇರುವವರೆಗೆ ಆ ಚೀಲವನ್ನು ಬಿಚ್ಚಬಾರದು.

ಪವರ್ ಬ್ಯಾಂಕ್ ಇದಕ್ಕೆ ತಿರುವುಮುರುವು. ಅದು ಸೂಟ್‌ಕೇಸ್‌ನಲ್ಲಿ ಇರಲೇಬಾರದು, ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್‌ವರೆಗೆ ಅನುಮತಿ ಬೇಡ. ಸಾಮಾನ್ಯ 20,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಅವರ್ ಆಗುತ್ತದೆ. ಸಿಂಗಾಪುರ ಏರ್‌ಲೈನ್ಸ್ ಮತ್ತು ಸ್ಕೂಟ್ ವಿಮಾನಗಳಲ್ಲಿ 2025ರ ಏಪ್ರಿಲ್ 1ರಿಂದ ಹಾರಾಟದ ವೇಳೆ ಪವರ್ ಬ್ಯಾಂಕ್ ಬಳಸುವಂತಿಲ್ಲ.

ಸಿಂಗಾಪುರದ ಅಂಗಡಿಗಳಲ್ಲಿ 100 ಡಾಲರ್‌ಗೆ ಕಡಿಮೆ ಇಲ್ಲದಂತೆ ಖರೀದಿ ಮಾಡಿದ ಪ್ರವಾಸಿಗರು 9% ಜಿಎಸ್‌ಟಿಯನ್ನು ಚಾಂಗಿಯಲ್ಲಿ ಮರಳಿ ಕೇಳಬಹುದು. ಸಂಸ್ಕರಣಾ ಶುಲ್ಕ ಕಳೆದು ಉಳಿದದ್ದು ಸಿಗುತ್ತದೆ. ವಸ್ತು ಸೂಟ್‌ಕೇಸ್‌ನಲ್ಲಿ ಹೋಗುವುದಾದರೆ ಚೆಕ್-ಇನ್‌ಗೆ ಮೊದಲೇ ಯಂತ್ರದಲ್ಲಿ ಅರ್ಜಿ ಹಾಕಬೇಕು. ಅಧಿಕಾರಿ ವಸ್ತು ನೋಡಲು ಕೇಳಬಹುದು.

ವಿಮಾನದಲ್ಲಿ ಜೈನ ಊಟ ಬೇಕಾದವರು ಸಾಮಾನ್ಯವಾಗಿ 24 ಗಂಟೆ ಮೊದಲೇ ತಿಳಿಸಬೇಕು. ಸೂರ್ಯಾಸ್ತದ ಮುನ್ನ ಊಟ ಮುಗಿಸುವವರು ವಿಮಾನ ಹೊರಡುವ ಸಮಯ ನೋಡಿ ಒಣ ತಿಂಡಿ ಜೊತೆಗಿಟ್ಟುಕೊಂಡಿರಲಿ.

ಬೆಂಗಳೂರು: ಹಸಿರು ದಾರಿಯೋ ಕೆಂಪು ದಾರಿಯೋ

ಕೆಂಪೇಗೌಡ ನಿಲ್ದಾಣದ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ 2ನೇ ಟರ್ಮಿನಲ್‌ಗೆ ಬರುತ್ತಿವೆ. ಲಗೇಜ್ ತೆಗೆದುಕೊಂಡ ಮೇಲೆ ಎರಡು ದಾರಿ. ಘೋಷಿಸಲು ಏನೂ ಇಲ್ಲದವರಿಗೆ ಹಸಿರು, ಇರುವವರಿಗೆ ಕೆಂಪು. ಹಸಿರು ದಾರಿಯಲ್ಲಿ ಕಾಲಿಟ್ಟರೆ "ನನ್ನ ಬಳಿ ಸುಂಕದ ವಸ್ತು ಇಲ್ಲ" ಎಂದು ಹೇಳಿದ ಹಾಗೆಯೇ. ಆಮೇಲೆ ಸಿಕ್ಕರೆ ಸುಂಕದ ಜೊತೆಗೆ ದಂಡವೂ ಬರಬಹುದು, ವಸ್ತು ಜಪ್ತಿಯೂ ಆಗಬಹುದು. ಅನುಮಾನವಿದ್ದವರು ಕೆಂಪು ದಾರಿಗೆ ಹೋಗಿ ಕೇಳುವುದೇ ಸರಿ. ಅತಿಥಿ ಆ್ಯಪ್‌ನಲ್ಲಿ ಮೊದಲೇ ಘೋಷಣೆ ತುಂಬುವ ಸೌಲಭ್ಯವೂ ಇದೆ. ಚೆನ್ನೈ ಅಥವಾ ಮುಂಬೈಯಲ್ಲಿ ವಿಮಾನ ಬದಲಿಸುವವರಿಗೆ ಸಾಮಾನ್ಯವಾಗಿ ಅಲ್ಲಿಯೇ ಕಸ್ಟಮ್ಸ್ ಆಗುತ್ತದೆ.

2016ರ ನಿಯಮಗಳಲ್ಲಿ ಸುಂಕವಿಲ್ಲದೆ ತರಬಹುದಾದ ವಸ್ತುಗಳ ಮಿತಿ ತಲೆಗೆ 50,000 ರೂಪಾಯಿ ಇತ್ತು. 2026ರ ಫೆಬ್ರವರಿಯಿಂದ ಅದು 75,000 ಆಗಿದೆ. ಈ ಮಿತಿಯನ್ನು ಕುಟುಂಬದವರು ಒಟ್ಟುಗೂಡಿಸುವಂತಿಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ 1,10,000 ರೂಪಾಯಿಯ ಒಂದು ಕೈಗಡಿಯಾರ ತಂದರೆ, ಇಬ್ಬರ ಮಿತಿ 1,50,000 ಎಂದು ಹೇಳಿ ಬಿಡಿಸಿಕೊಳ್ಳಲಾಗದು. ಮಿತಿ ಮೀರಿದ 35,000ಕ್ಕೆ ಸುಂಕ ಕಟ್ಟಬೇಕು. ಹಡಗಿನ ಅಂಗಡಿಯ "ಡ್ಯೂಟಿ ಫ್ರೀ" ಫಲಕ ಅಲ್ಲಿನ ಮಾರಾಟಕ್ಕೆ ಸಂಬಂಧಿಸಿದ್ದು, ಬೆಂಗಳೂರಿನ ಸುಂಕಕ್ಕಲ್ಲ. 18 ವರ್ಷ ದಾಟಿದವರಿಗೆ ಒಂದು ಲ್ಯಾಪ್‌ಟಾಪ್ ಪ್ರತ್ಯೇಕವಾಗಿ ಸುಂಕರಹಿತ. ನಗದು ವಿದೇಶಿ ನೋಟು 5,000 ಅಮೆರಿಕನ್ ಡಾಲರ್ ಮೌಲ್ಯ ದಾಟಿದರೆ ಘೋಷಿಸಬೇಕು. ಭಾರತದ ನೋಟುಗಳನ್ನು 25,000 ರೂಪಾಯಿವರೆಗೆ ಮರಳಿ ತರಬಹುದು.

ಫುಕೆಟ್‌ನ ಬೀದಿಯಲ್ಲಿ ಮಾರುವ ಹವಳ, ಅಪರೂಪದ ಕಪ್ಪೆಚಿಪ್ಪುಗಳಿಗೆ ವನ್ಯಜೀವಿ ಕಾನೂನಿನ ತಡೆ ಇದೆ. ಜೀವಿಗಳ ದೇಹದಿಂದ ಬಂದ ಇಂಥ ವಸ್ತುಗಳನ್ನು ಕೊಳ್ಳದಿರುವುದೇ ಎಲ್ಲ ರೀತಿಯಿಂದಲೂ ಲೇಸು. ಆರ್ಕಿಡ್ ಗಿಡ, ಬೀಜಗಳನ್ನೂ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ತರುವಂತಿಲ್ಲ.

ಮೈಮೇಲಿನ ಚಿನ್ನ

ನಮ್ಮ ಕುಟುಂಬಗಳಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದು. ಆಭರಣದ ಪ್ರತ್ಯೇಕ ವಿನಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿ ನೆಲೆಸಿ ಮರಳುವವರಿಗೆ. ವಾರದ ಪ್ರವಾಸಕ್ಕೆ ಹೋಗಿ ಬರುವವರಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಮನೆಯಿಂದ ಧರಿಸಿ ಹೋದ ಬಳೆ, ಸರ, ಓಲೆಗಳನ್ನೇ ಮರಳಿ ಧರಿಸಿ ಬಂದರೂ "ಎಲ್ಲಿ ಕೊಂಡಿರಿ?" ಎಂಬ ಪ್ರಶ್ನೆ ಬರಬಹುದು. ಆಗ ಬಾಯಿಮಾತು ಸಾಲದು.

ಇದಕ್ಕೆ ಇರುವ ದಾರಿ ರಫ್ತು ಪ್ರಮಾಣಪತ್ರ. ಭಾರತದಿಂದ ಹೊರಡುವ ದಿನ, ವಲಸೆ ತಪಾಸಣೆಗೆ ಹೋಗುವ ಮೊದಲು, ನಿಲ್ದಾಣದ ಕಸ್ಟಮ್ಸ್ ಕಚೇರಿಯಲ್ಲಿ ಆಭರಣಗಳನ್ನು ತೋರಿಸಿ ಇದನ್ನು ಪಡೆಯಬೇಕು. ಒಡವೆಯ ತೂಕ ಮತ್ತು ವಿವರವಿರುವ ಚಿನ್ನಾಭರಣ ವ್ಯಾಪಾರಿಯ ಬಿಲ್ಲು ಅಥವಾ ಮೌಲ್ಯಮಾಪಕರ ಪತ್ರ, ಜೊತೆಗೆ ಫೋಟೋ ಇದ್ದರೆ ಕೆಲಸ ಬೇಗ ಆಗುತ್ತದೆ. ಇದಕ್ಕಾಗಿ ಒಂದು ಗಂಟೆ ಮುಂಚೆ ಬರುವುದು ಒಳ್ಳೆಯದು. ಮರಳುವಾಗ ಆ ಪತ್ರ ತೋರಿಸಿದರೆ ಸಾಕು. ದುಬಾರಿ ಕ್ಯಾಮೆರಾ, ಕೈಗಡಿಯಾರಕ್ಕೂ ಇದೇ ವಿಧಾನ. ಹೊರಟ ಮೇಲೆ ಈ ಪತ್ರ ಸಿಗುವುದಿಲ್ಲ.

ಬಳಸಿದ ಸ್ವಂತ ಆಭರಣ ವೈಯಕ್ತಿಕ ವಸ್ತುವೆಂದು ದಿಲ್ಲಿ ಹೈಕೋರ್ಟ್ ಹಲವು ಪ್ರಕರಣಗಳಲ್ಲಿ ಹೇಳಿದೆ. ಆದರೆ ಕೋರ್ಟಿನಿಂದ ಒಡವೆ ಬಿಡಿಸಿಕೊಳ್ಳಲು ಹಿಡಿಯುವ ಕಾಲ ಮತ್ತು ಖರ್ಚಿನ ಮುಂದೆ ಒಂದು ಗಂಟೆಯ ಕಾಯುವಿಕೆ ಏನೂ ಅಲ್ಲ. ಭಾರಿ ಒಡವೆಗಳನ್ನು ಲಾಕರಿನಲ್ಲೇ ಬಿಟ್ಟು ಹೋಗುವುದು ಎಲ್ಲಕ್ಕಿಂತ ಸುಲಭ. ಚಿನ್ನದ ಬಿಸ್ಕತ್ತು, ನಾಣ್ಯಗಳಿಗೆ ಉಚಿತ ಮಿತಿ ಇಲ್ಲವೇ ಇಲ್ಲ. ಪರಿಚಯವಿಲ್ಲದವರ ಪೊಟ್ಟಣವನ್ನು "ಸ್ವಲ್ಪ ಊರಿಗೆ ತಲುಪಿಸಿ" ಎಂದರೂ ಮುಟ್ಟಬಾರದು.

ಜೊತೆಗಿರಬೇಕಾದ ಕಾಗದಗಳು

- ಪಾಸ್‌ಪೋರ್ಟ್, ಹಲವು ಪ್ರವೇಶದ ಸಿಂಗಾಪುರ ವೀಸಾ, ಎರಡನೇ ಪ್ರವೇಶದ ಅರೈವಲ್ ಕಾರ್ಡ್
- ಆಭರಣ ಮತ್ತು ಬೆಲೆಬಾಳುವ ವಸ್ತುಗಳ ರಫ್ತು ಪ್ರಮಾಣಪತ್ರ
- ಹಡಗು ಮತ್ತು ಅಂಗಡಿಗಳ ಖರೀದಿ ಬಿಲ್ಲುಗಳು, ಯಾರ ವಸ್ತುವೋ ಅವರ ಹೆಸರಿನಲ್ಲಿ
- ಔಷಧಿಗಳಿಗೆ ವೈದ್ಯರ ಚೀಟಿ

ಬಿಲ್ಲುಗಳನ್ನು ಹರಿದು ಹಾಕಬಾರದು. ಬಿಲ್ಲು ಇಲ್ಲದಿದ್ದರೆ ಬೆಲೆ ಕಟ್ಟುವವರು ಅಧಿಕಾರಿಗಳೇ.