ಕಣ್ಣಿಗೂ ಮಸೂರಕ್ಕೂ ಹೊಂದಾಣಿಕೆ

ನಿಮ್ಮ ಮನೆಯ ಬೀರುವಿನಲ್ಲಿ ಹಿರಿಯರ ಕಾಲದ ಕ್ಯಾಮರಾ ಒಂದಿದೆ ಎಂದು ಭಾವಿಸಿ. ತೊಗಲಿನ ಚೀಲದಿಂದ ಅದನ್ನು ಹೊರತೆಗೆದು, ಧೂಳು ಒರೆಸಿ, ಫಿಲಂ ಹಾಕಿ, ಅಜ್ಜಿಯನ್ನು ಬಾಗಿಲ ಮುಂದೆ ಕೂರಿಸಿ ಚಿತ್ರ ತೆಗೆದಿರಿ. ಕಿಂಡಿಯಲ್ಲಿ ಕಂಡ ಎರಡು ಬಿಂಬಗಳು ಒಂದಾದ ಮೇಲೆಯೇ ಗುಂಡಿ ಒತ್ತಿದಿರಿ. ಆದರೂ ಫಿಲಂ ತೊಳೆದು ಬಂದಾಗ ಅಜ್ಜಿಯ ಮುಖ ಮಂಜು ಮಂಜು. ಹಿಂದಿನ ಬಾಗಿಲ ತೋರಣ ಮಾತ್ರ ಎಲೆ ಎಲೆಯೂ ಸ್ಪಷ್ಟ! ತಪ್ಪು ಯಾರದು? ಕ್ಯಾಮರಾದ ಯಾವ ಅಂಗದ್ದು? ಇದನ್ನು ತಿಳಿಯದೆ ಸ್ಕ್ರೂ ತಿರುಗಿಸಲು ಹೊರಟವರು, ಕೆಟ್ಟಿದ್ದನ್ನು ಹಾಗೆಯೇ ಬಿಟ್ಟು ಸರಿಯಿದ್ದದ್ದನ್ನು ಕೆಡಿಸಿದ್ದುಂಟು. ಉತ್ತರ ಬೇಕಾದರೆ ಇಂಥ ಕ್ಯಾಮರಾ ಬೆಳೆದು ಬಂದ ಬಗೆಯನ್ನು ಕೊಂಚ ನೋಡಬೇಕು.

ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿ ಸೂಕ್ಷ್ಮದರ್ಶಕಗಳಿಗೆ ಹೆಸರಾದ ಲೈಟ್ಸ್ ಕಾರ್ಖಾನೆಯಿತ್ತು. ಅಲ್ಲಿ ಕೆಲಸದಲ್ಲಿದ್ದ ಆಸ್ಕರ್ ಬಾರ್ನಾಕ್, 1913-14ರ ಸುಮಾರಿಗೆ, ಸಿನಿಮಾ ಫಿಲಂ ಬಳಸುವ ಪುಟ್ಟ ಕ್ಯಾಮರಾ ಒಂದನ್ನು ಮಾಡಿದರು. 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಅದು 'ಲೈಕಾ' ಎಂಬ ಹೆಸರಿನಿಂದ ಜನರೆದುರಿಗೆ ಬಂತು. ಅದರ ಚಿತ್ರದ ಅಳತೆ ಕೇವಲ 24 ಮಿಲಿಮೀಟರ್‌ಗೆ 36 ಮಿಲಿಮೀಟರ್. ಅಷ್ಟು ಸಣ್ಣ ಚಿತ್ರವನ್ನು ಹಿಗ್ಗಿಸಿಯೇ ಅಚ್ಚು ಹಾಕಬೇಕು. ಚಿತ್ರದೊಡನೆ ಅದರ ಮಸುಕೂ ಹಿಗ್ಗುತ್ತದೆ. ಹೀಗಾಗಿ ದೂರವನ್ನು ಸರಿಯಾಗಿ ಗುರುತಿಸುವುದು ದೊಡ್ಡ ಪ್ರಶ್ನೆಯಾಯಿತು. ಮೊದಮೊದಲು ಜನ ದೂರವನ್ನು ಊಹಿಸುತ್ತಿದ್ದರು. ಇಲ್ಲವೇ ಕ್ಯಾಮರಾದ ನೆತ್ತಿಗೆ ಬೇರೆಯೇ ಒಂದು ರೇಂಜ್‌ಫೈಂಡರನ್ನು, ಎಂದರೆ ದೂರ ಅಳೆಯುವ ಸಾಧನವನ್ನು, ಸಿಕ್ಕಿಸಿ, ಅದರ ಅಂಕಿಯನ್ನು ಓದಿ, ಮಸೂರವನ್ನು ಆ ಅಂಕಿಗೆ ತಿರುಗಿಸುತ್ತಿದ್ದರು.

1930ರಲ್ಲಿ ಮಸೂರವನ್ನು ಬಿಚ್ಚಿ ಬೇರೆ ಹಾಕಬಲ್ಲ ಲೈಕಾ ಬಂತು. ಅನುಕೂಲವೇನೋ ಆಯಿತು, ತೊಡಕೂ ಜೊತೆಗೇ ಬಂತು. ಪ್ರತಿಯೊಂದು ಮಸೂರವನ್ನೂ ಕಾರ್ಖಾನೆಯಲ್ಲಿ ಒಂದೊಂದು ಕ್ಯಾಮರಾಕ್ಕೆ ಪ್ರತ್ಯೇಕವಾಗಿ ಹೊಂದಿಸಿ, ಆ ಕ್ಯಾಮರಾದ ಸಂಖ್ಯೆಯನ್ನು ಅದರ ಮೇಲೆ ಕೆತ್ತುತ್ತಿದ್ದರು. ಬೀಗಕ್ಕೊಂದು ಬೀಗದ ಕೈ ಇದ್ದಂತೆ. ಗೆಳೆಯನ ಮಸೂರ ನಿಮ್ಮ ಕ್ಯಾಮರಾಕ್ಕೆ ಒಗ್ಗದು. 1931ರಲ್ಲಿ ಇದಕ್ಕೆ ಪರಿಹಾರ ದೊರೆಯಿತು. ಮಸೂರ ಕೂರುವ ಉಂಗುರಕ್ಕೂ ಫಿಲಮ್ಮಿಗೂ ನಡುವಣ ಅಂತರ ಎಲ್ಲ ಕ್ಯಾಮರಾಗಳಲ್ಲಿಯೂ 28.8 ಮಿಲಿಮೀಟರ್ ಇರಬೇಕೆಂದು ಗೊತ್ತುಮಾಡಿದರು. ಹಾಗೆ ಹೊಂದಿಸಿದ ಕ್ಯಾಮರಾದ ಉಂಗುರದ ಮೇಲೆ ಒಂದು ಸೊನ್ನೆಯನ್ನು ಕೆತ್ತಿದರು.

ಈ ಅಳತೆ ಎಷ್ಟು ನಾಜೂಕಾದುದು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. 50 ಮಿಲಿಮೀಟರಿನ ಮಸೂರವೊಂದು ತಾನಿರಬೇಕಾದ ಜಾಗಕ್ಕಿಂತ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಮುಂದಿದ್ದರೆ ಸಾಕು. ಅನಂತ ದೂರಕ್ಕೆಂದು ಇಟ್ಟದ್ದು ನಿಜವಾಗಿ 25 ಮೀಟರ್ ದೂರವನ್ನು ನೋಡುತ್ತಿರುತ್ತದೆ.

1932ರಲ್ಲಿ ಲೈಕಾದ ಒಳಗೇ ರೇಂಜ್‌ಫೈಂಡರ್ ಕೂಡಿಕೊಂಡಿತು. ಇಂಥ ಜೋಡಣೆಯನ್ನು ಅಮೆರಿಕದ ಕೊಡಕ್ ಕಂಪನಿ 1916ರಷ್ಟು ಹಿಂದೆಯೇ ತನ್ನ ದೊಡ್ಡ ಕ್ಯಾಮರಾ ಒಂದರಲ್ಲಿ ಅಳವಡಿಸಿತ್ತು. ಲೈಕಾದಲ್ಲಿ ಮಸೂರದ ಹಿಂತುದಿ ಒಂದು ಸಣ್ಣ ಸನ್ನೆಯನ್ನು ಒತ್ತುತ್ತದೆ. ಸನ್ನೆ ಸರಿದಂತೆ ಕಿಂಡಿಯೊಳಗಿನ ಬಿಂಬ ಸರಿಯುತ್ತದೆ. ಎರಡು ಬಿಂಬಗಳು ಕೂಡಿದಾಗ ದೂರ ಸರಿಯಾಯಿತೆಂದು ಅರ್ಥ.

ಇಲ್ಲಿ ಒಂದು ಮಾತನ್ನು ಗಮನಿಸಿ. ಚಿತ್ರ ಮೂಡಿಸುವುದು ಮಸೂರ. ನೀವು ನೋಡುವುದು ರೇಂಜ್‌ಫೈಂಡರಿನ ಮೂಲಕ. ಹಳೆಯ ರೇಡಿಯೋ ಬಳಸಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಡಯಲಿನ ಹಿಂದಿನ ದಾರ ಜಾರಿದರೆ ಮುಳ್ಳು ಒಂದು ನಿಲ್ದಾಣವನ್ನು ತೋರಿಸುತ್ತದೆ, ಕೇಳುವುದು ಇನ್ನೊಂದು. ಆಗ ಕೆಟ್ಟಿರುವುದು ರೇಡಿಯೋ ಅಲ್ಲ, ಮುಳ್ಳು. ಕ್ಯಾಮರಾದಲ್ಲಿಯೂ ಹೀಗೆಯೇ ಎರಡು ಲೆಕ್ಕಗಳಿವೆ: ಮಸೂರಕ್ಕೂ ಫಿಲಮ್ಮಿಗೂ ಒಂದು, ಕಣ್ಣಿಗೂ ಮಸೂರಕ್ಕೂ ಇನ್ನೊಂದು.

ಯಾವುದು ತಪ್ಪಿದೆ ಎಂದು ಕಂಡುಹಿಡಿಯುವ ಉಪಾಯ ಸರಳವಾದುದು. ಕ್ಯಾಮರಾವನ್ನು ಅಲುಗದಂತೆ ಮೇಜಿನ ಮೇಲಿಟ್ಟು, ಮಸೂರದ ರಂಧ್ರವನ್ನು ಪೂರ್ತಿ ತೆರೆಯಿರಿ. ಎದುರಿಗೆ ಐದಾರು ಬೆಂಕಿಪೆಟ್ಟಿಗೆಗಳನ್ನು ಒಂದರ ಹಿಂದೊಂದು ಓರೆಯಾಗಿ ಸಾಲಿಡಿ. ಫಿಲಂ ಇರುವ ಜಾಗದಿಂದ ನಡುವಣ ಪೆಟ್ಟಿಗೆಗೆ ಟೇಪು ಹಿಡಿದು, ಮಸೂರವನ್ನು ಆ ಅಂಕಿಗೇ ತಿರುಗಿಸಿ ಒಂದು ಚಿತ್ರ ತೆಗೆಯಿರಿ. ಎರಡನೆಯದನ್ನು ಅಂಕಿಯ ಕಡೆ ನೋಡದೆ, ಬಿಂಬಗಳನ್ನು ಕೂಡಿಸಿ ತೆಗೆಯಿರಿ. ಮೊದಲನೆಯದು ಸ್ಪಷ್ಟವಾಗಿದ್ದು ಎರಡನೆಯದು ಮಸುಕಾಗಿದ್ದರೆ ದೋಷ ರೇಂಜ್‌ಫೈಂಡರಿನದು. ಮೊದಲನೆಯದೇ ಮಸುಕಾಗಿದ್ದರೆ ದೋಷ ಮಸೂರಕ್ಕೂ ಫಿಲಮ್ಮಿಗೂ ನಡುವೆ ಇದೆ. ಆಗ ರೇಂಜ್‌ಫೈಂಡರಿನ ಸ್ಕ್ರೂ ಮುಟ್ಟಲೇಬೇಡಿ.

ಈ ಎಚ್ಚರಿಕೆ ಸೋವಿಯತ್ ದೇಶದ ಕ್ಯಾಮರಾಗಳಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಲೈಕಾದ ಮಾದರಿಯಲ್ಲಿ ಖಾರ್ಕೋವ್ ನಗರದಲ್ಲಿ 1934ರಿಂದ 'ಫೆಡ್' ಕ್ಯಾಮರಾ ತಯಾರಾಯಿತು. ಯುದ್ಧಾನಂತರ 'ಜೋರ್ಕಿ' ಬಂತು. ಯುದ್ಧಕ್ಕೆ ಮುಂಚಿನ ಮೊದಮೊದಲ ಫೆಡ್‌ಗಳಲ್ಲಿ ಮಸೂರ, ಕ್ಯಾಮರಾ ಎರಡನ್ನೂ ಜೋಡಿಯಾಗಿಯೇ ಹೊಂದಿಸಿರುತ್ತಿದ್ದರು; ಅವನ್ನು ಅಗಲಿಸಿದರೆ ಹೊಂದಾಣಿಕೆ ತಪ್ಪುತ್ತದೆ. ಈ ಕ್ಯಾಮರಾಗಳ ಉಂಗುರದ ಹಿಂದೆ ಅಂತರವನ್ನು ಸರಿದೂಗಿಸಲು ತೆಳುವಾದ ಕಾಗದದ ವಾಷರುಗಳಿರುತ್ತವೆ. ಬಿಚ್ಚಿದವರು ಕಸವೆಂದು ಅವನ್ನು ಎಸೆದರೆ, ಎಸೆದದ್ದು ಕಾಗದವಲ್ಲ, ಕಾರ್ಖಾನೆಯ ಅಳತೆ.

ಆದ್ದರಿಂದ ರಿಪೇರಿಗೆ ಒಂದು ಕ್ರಮವಿದೆ. ಮೊದಲು ಮಸೂರ ಮತ್ತು ಫಿಲಂ. ಅದು ಸರಿಯಾದ ಬಳಿಕವೇ ಕಣ್ಣು ಮತ್ತು ಮಸೂರ. ಮಸೂರವನ್ನು ಅನಂತಕ್ಕೆ ಇಟ್ಟು, ದೂರದ ಬೆಟ್ಟದ ತುದಿಯನ್ನೋ ಗೋಪುರದ ಕಳಶವನ್ನೋ ನೋಡಿ ಬಿಂಬಗಳನ್ನು ಕೂಡಿಸುವುದು ಮೊದಲ ಹೆಜ್ಜೆ. ಒಂದು ಮೀಟರಿನಲ್ಲಿ ಪರೀಕ್ಷಿಸುವುದು ಎರಡನೆಯದು. ಈ ಕೆಲಸ ನಿಮ್ಮ ಕೈಲಾಗದಿದ್ದರೆ ಬಲ್ಲವರಿಗೆ ಒಪ್ಪಿಸಿ. ಆದರೆ ಒಪ್ಪಿಸುವಾಗ ಆ ಎರಡು ಚಿತ್ರಗಳನ್ನೂ ಜೊತೆಗಿಟ್ಟು ಕೊಡಿ. ಕ್ಯಾಮರಾವನ್ನು ಎರಡನೆಯ ಸಲ ರಿಪೇರಿ ಮಾಡಿಸಬಹುದು. ಅಜ್ಜಿಯನ್ನು ಅದೇ ಬಾಗಿಲ ಮುಂದೆ ಎರಡನೆಯ ಸಲ ಕೂರಿಸುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.