ಎಂಟು ಚುಕ್ಕಿ, ಎಂಟು ಸಾಲು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ರೇಷ್ಮೆ ಸೀರೆಗೆ ಹೆಸರಾದ ಊರು. ಜಕಾರ್ಡ್ ಮಗ್ಗದಲ್ಲಿ ಸೆರಗಿನ ಮೇಲೆ ಹೂವು ಅರಳಬೇಕಾದರೆ ಅದು ಮೊದಲು ಚೌಕಳಿ ಕಾಗದದ ಮೇಲೆ ಮೂಡಬೇಕು. ಯಾವ ಮನೆ ತುಂಬಬೇಕು, ಯಾವುದು ಖಾಲಿ ಉಳಿಯಬೇಕು ಎಂಬ ಲೆಕ್ಕ ರಟ್ಟಿನ ಪಟ್ಟಿಯಲ್ಲಿ ತೂತುಗಳಾಗಿ ಮಗ್ಗವನ್ನೇರುತ್ತದೆ. ನೇಕಾರ ಹೂವಿನ ಬದಲು ಹಣ್ಣನ್ನು ಬಿಡಿಸಬಹುದು; ಎಳೆಗಳ ಲೆಕ್ಕವನ್ನು ಮಾತ್ರ ಮೀರುವಂತಿಲ್ಲ.

ಅಂಗೈಯಲ್ಲಿ ಹಿಡಿದು ಆಡುವ ವಿಡಿಯೊ ಆಟಗಳ ಚಿತ್ರಗಳನ್ನು ತಿದ್ದುವವರಿಗೂ ಇದೇ ಕಟ್ಟುಪಾಡು. ಜಪಾನಿನ ನಿಂಟೆಂಡೊ ಕಂಪೆನಿ 1989ರಲ್ಲಿ ಹೊರತಂದ ‘ಗೇಮ್ ಬಾಯ್’ ಯಂತ್ರದ ಪರದೆಯಲ್ಲಿದ್ದುದು ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿಗಳು. ಬಣ್ಣವಿಲ್ಲ, ನಾಲ್ಕೇ ಛಾಯೆಗಳು. ಇಡೀ ಪರದೆ 360 ಬಿಲ್ಲೆಗಳಿಂದ ಕೂಡಿದ್ದು. ರಂಗೋಲಿಯ ಭಾಷೆಯಲ್ಲಿ ಹೇಳುವುದಾದರೆ ಪ್ರತಿ ಬಿಲ್ಲೆಗೂ ಎಂಟು ಚುಕ್ಕಿ, ಎಂಟು ಸಾಲು. ಅದಕ್ಕೆ ತಗಲುವ ಜಾಗ 16 ಬೈಟ್. ಇಂಥ ಬಿಲ್ಲೆಗಳಿಂದಲೇ ಆಗಿ, ಪರದೆಯ ಮೇಲೆ ಓಡಾಡುವ ಗೊಂಬೆಗಳಿಗೆ ‘ಸ್ಪ್ರೈಟ್’ ಎಂದು ಹೆಸರು.

ಆಟವೆಲ್ಲ ಅಡಗಿರುವುದು ಕಾರ್ಟ್ರಿಜ್‌ನೊಳಗಿನ ‘ರೋಮ್’ ಎಂಬ ಚಿಪ್‌ನಲ್ಲಿ. 1990ರ ದಶಕದಲ್ಲಿ ಅದರ ನಕಲನ್ನು ಗಣಕಯಂತ್ರದಲ್ಲಿ ತೆರೆಯುವುದು ಸಾಧ್ಯವಾದಾಗ ಹವ್ಯಾಸಿಗಳು ಒಳಗಿನ ಬಿಲ್ಲೆಗಳನ್ನು ಒಂದೊಂದಾಗಿ ತಿದ್ದತೊಡಗಿದರು. ಹೀಗೆ ತಿದ್ದಿದ ಆಟವೇ ‘ರೋಮ್ ಹ್ಯಾಕ್’.

ಕೆಲಸ ಸುಲಭದ್ದಲ್ಲ. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ‘ಪೊಕೆಮಾನ್’ ಆಟದಲ್ಲಿ ನಾಯಕ ನಾಲ್ಕು ಬಿಲ್ಲೆಗಳ ಗೊಂಬೆ. ಅವನು ಬಲಕ್ಕೆ ನಡೆಯುವ ಚಿತ್ರವೇ ಬೇರೆ ಇಲ್ಲ. ಎಡಕ್ಕೆ ನಡೆಯುವ ಚಿತ್ರವನ್ನೇ ಯಂತ್ರ ಕನ್ನಡಿಯಂತೆ ತಿರುಗಿಸುತ್ತದೆ. ಎಡಗೈಗೆ ಕೋಲು ಕೊಟ್ಟರೆ, ಬಲಕ್ಕೆ ತಿರುಗಿದೊಡನೆ ಅದು ಬಲಗೈಗೆ ಹೋಗುತ್ತದೆ! ದೊಡ್ಡ ಚಿತ್ರಗಳನ್ನು ಒತ್ತಿ ಮಡಚಿ ಇಟ್ಟಿರುವುದರಿಂದ, ಹೊಸ ಚಿತ್ರ ಹಳೆಯದಕ್ಕಿಂತ ಹೆಚ್ಚು ಜಾಗ ಬೇಡಿದರೆ ಪಕ್ಕದ ಮಾಹಿತಿಯನ್ನೇ ನುಂಗುತ್ತದೆ. ಆಗ ಅದನ್ನು ಖಾಲಿ ಜಾಗಕ್ಕೆ ಸಾಗಿಸಿ, ಹೊಸ ವಿಳಾಸವನ್ನು ಆಟಕ್ಕೆ ತಿಳಿಸಬೇಕು.

ಮೂಲ ಆಟದ ಹಕ್ಕು ಕಂಪೆನಿಯದು. ಅದರ ಪೂರ್ತಿ ನಕಲನ್ನು ಹಂಚುವುದು ಹಕ್ಕುಸ್ವಾಮ್ಯದ ಉಲ್ಲಂಘನೆ. ಆದ್ದರಿಂದ ಎಚ್ಚರವುಳ್ಳ ಹವ್ಯಾಸಿಗಳು ಬದಲಿಸಿದ ಭಾಗವನ್ನಷ್ಟೇ ‘ಪ್ಯಾಚ್’ ಎಂಬ ತೇಪೆಯಾಗಿ ಹಂಚುತ್ತಾರೆ. 2006ರಲ್ಲಿ ಜಪಾನಿನಲ್ಲಿ ಮಾತ್ರ ಬಿಡುಗಡೆಯಾದ ‘ಮದರ್ 3’ ಆಟ 2008ರಲ್ಲಿ ಇಂಗ್ಲಿಷ್ ಓದುಗರಿಗೆ ದಕ್ಕಿದ್ದು ಅಭಿಮಾನಿಗಳ ಇಂಥದೊಂದು ತೇಪೆಯಿಂದ.

ಹಾಗಾದರೆ ಕನ್ನಡಕ್ಕೆ? ತೊಡಕು ಅಕ್ಷರದಲ್ಲಿದೆ. ಆಟದ ಅಕ್ಷರವೂ ಒಂದು ಬಿಲ್ಲೆಯೇ. ಇಂಗ್ಲಿಷಿನ ‘ಎ’, ‘ಬಿ’ಗಳು ಎಂಟು ಚುಕ್ಕಿಗಳಲ್ಲಿ ನಿರಾಳವಾಗಿ ಕೂರುತ್ತವೆ. ಜಪಾನಿ ಅಕ್ಷರದ ನೆತ್ತಿಯ ಎರಡು ಗೀಟುಗಳಿಗೆ ಕೆಲವು ಹಳೆಯ ಆಟಗಳು ಮೇಲಿನ ಸಾಲಿನ ಬಿಲ್ಲೆಯನ್ನೇ ಬಿಟ್ಟುಕೊಟ್ಟವು. ಕನ್ನಡಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು, ಎರಡೂ ಬೇಕು.

ಜಿಲ್ಲೆಯ ಊರುಗಳ ಹೆಸರುಗಳನ್ನೇ ಪರೀಕ್ಷೆಗಿಡಬಹುದು. ಹಿರಿಯೂರಿಗೆ ಒತ್ತಿಲ್ಲ, ಆದರೆ ಅದರ ‘ಯೂ’ ಒಂದು ಬಿಲ್ಲೆಯ ಅಗಲಕ್ಕೆ ಜಗ್ಗದು. ಹೊಳಲ್ಕೆರೆಯಲ್ಲಿ ಲಕಾರದ ಕೆಳಗೆ ಕಕಾರದ ಒತ್ತು. ಹೊಸದುರ್ಗಕ್ಕೆ ಅರ್ಕಾವೊತ್ತು. ಚಿತ್ರದುರ್ಗಕ್ಕಂತೂ ರಕಾರದ ಒತ್ತೂ ಬೇಕು, ಅರ್ಕಾವೊತ್ತೂ ಬೇಕು.

ದಾರಿ ಇಲ್ಲದಿಲ್ಲ. ಒಂದರ ಕೆಳಗೊಂದು ಎರಡು ಬಿಲ್ಲೆ ಇಟ್ಟು, ಅಗಲವನ್ನು ಅಕ್ಷರಕ್ಕೆ ತಕ್ಕಂತೆ ಹಿಗ್ಗಿಸಬಹುದು. ಅದಕ್ಕೆ ಚಿತ್ರ ತಿದ್ದಿದರೆ ಸಾಲದು, ಅಕ್ಷರ ಬರೆಯುವ ಆಟದ ಆದೇಶಗಳನ್ನೇ ತಿದ್ದಬೇಕು. ನೇಕಾರರ ಮಾತಿನಲ್ಲಿ ಹೇಳುವುದಾದರೆ, ಹೂವು ಬದಲಿಸುವ ಕೆಲಸವಲ್ಲ ಇದು. ಮಗ್ಗವನ್ನೇ ಹೊಸದಾಗಿ ಹೂಡುವ ಕೆಲಸ.