ಶ್ರೀಗಂಧದ ಸ್ಪೈಕ್ ರೋಗ: ಸಂಶೋಧನೆಯ ಇತಿಹಾಸ

ಶ್ರೀಗಂಧದ ಮರದ ಎಲೆಗಳನ್ನು ಕಿರಿದಾಗಿಸಿ, ಹೂ ಕಾಯಿ ಕಟ್ಟದಂತೆ ಮಾಡಿ, ಎರಡು ಮೂರು ವರ್ಷಗಳಲ್ಲಿ ಮರವನ್ನೇ ಒಣಗಿಸುವ ಸಾಂಕ್ರಾಮಿಕ ಕಾಯಿಲೆಗೆ ಸ್ಪೈಕ್ ರೋಗ ಎಂದು ಹೆಸರು. 1899ರಲ್ಲಿ ಕೊಡಗಿನಲ್ಲಿ ಇದು ಮೊದಲ ಬಾರಿಗೆ ದಾಖಲಾಯಿತು. ಕೋಶಭಿತ್ತಿಯಿಲ್ಲದ ಫೈಟೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಇದರ ಮೂಲವೆಂಬ ಸುಳಿವು ಸಿಕ್ಕಿದ್ದು 1969ರಲ್ಲಿ. ನಡುವಿನ 70 ವರ್ಷಗಳಲ್ಲಿ ಶಿಲೀಂಧ್ರ ತಜ್ಞರು, ರಸಾಯನ ವಿಜ್ಞಾನಿಗಳು, ಕೀಟ ತಜ್ಞರು, ಅರಣ್ಯಾಧಿಕಾರಿಗಳು ಒಬ್ಬರ ಬೆನ್ನಿಗೊಬ್ಬರು ಈ ರೋಗದ ಹಿಂದೆ ಬಿದ್ದರು. ಅವರ ಹುಡುಕಾಟ ಮರದೊಳಗಿನ ರೋಗಾಣುವಿಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಮರದ ಸುತ್ತಲಿನ ಗಿಡಗಳು, ಹುಳುಗಳು, ಕಾಡಿನ ಬೆಂಕಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾಯಿತು. ಹೀಗಾಗಿ ಇದು ಒಂದು ಕಾಯಿಲೆಯ ಚರಿತ್ರೆಯಾಗಿರುವಂತೆಯೇ ದಕ್ಷಿಣ ಭಾರತದಲ್ಲಿ ಕಾಡಿನ ಆರೋಗ್ಯದ ಅಧ್ಯಯನ ಬೆಳೆದುಬಂದ ಚರಿತ್ರೆಯೂ ಹೌದು.

ರೋಗ ಹಿಡಿದ ರೆಂಬೆಯನ್ನು ಒಮ್ಮೆ ಕಂಡವರಿಗೆ ಮತ್ತೆ ಗುರುತು ತಪ್ಪುವುದಿಲ್ಲ. ಆರೋಗ್ಯವಾಗಿರುವ ಗಂಧದ ಮರದಲ್ಲಿ ಎಲೆಗಳು ಎದುರುಬದುರಾಗಿ, ನಯವಾಗಿ, ತುಸು ಇಳಿಬಿದ್ದಂತೆ ಇರುತ್ತವೆ. ರೋಗ ತಗುಲಿದ ಮೇಲೆ ಗೆಣ್ಣು ಗೆಣ್ಣುಗಳ ನಡುವಿನ ಅಂತರ ಕುಗ್ಗುತ್ತದೆ. ಒಂದೊಂದು ಹೊಸ ಎಲೆಯೂ ಹಿಂದಿನ ಎಲೆಗಿಂತ ಚಿಕ್ಕದಾಗಿ ಮೂಡಿ, ಕೊಂಬೆಗೆ ನೇರವಾಗಿ ಸೆಟೆದು ನಿಲ್ಲುತ್ತದೆ. ಕೊನೆಕೊನೆಗೆ ಇಡೀ ರೆಂಬೆ ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಕಾಣುತ್ತದೆ. ಹಸಿರು ಹಳದಿಗೆ ತಿರುಗಿ, ಆಮೇಲೆ ಕೆಂಪಡರುತ್ತದೆ. ಎಲೆಯಲ್ಲಿ ತಯಾರಾದ ಪಿಷ್ಟ ಕೆಳಗಿಳಿಯದೆ ಅಲ್ಲೇ ತುಂಬಿಕೊಳ್ಳುತ್ತದೆ. ಮಣ್ಣಿನೊಳಗೆ ಎಳೆಬೇರುಗಳ ತುದಿ ಸಾಯುತ್ತಿರುತ್ತದೆ. ಕೊಂಬೆಗಳು ಉದ್ದುದ್ದ ಬೆಳೆದು ಜೋತುಬೀಳುವ ಇನ್ನೊಂದು ಬಗೆಯೂ ಉಂಟು, ಆದರೆ ಅದು ಅಷ್ಟಾಗಿ ಕಾಣಸಿಗದು.

ಬೇರಿನ ಮಾತು ಇಲ್ಲಿ ಮುಖ್ಯ. ಶ್ರೀಗಂಧ ಅರೆಪರಾವಲಂಬಿ ಮರ. ಎಲೆಯಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ ಮಣ್ಣಿನ ಸಾರಕ್ಕಾಗಿ ಅಕ್ಕಪಕ್ಕದ ಗಿಡಮರಗಳ ಬೇರನ್ನು ಆಶ್ರಯಿಸುತ್ತದೆ. ಇದನ್ನು 1871ರಲ್ಲಿ ಗುರುತಿಸಿದವರು ಜಾನ್ ಸ್ಕಾಟ್. 20ನೆಯ ಶತಮಾನದ ಮೊದಲ ದಶಕದಲ್ಲಿ ಮದ್ರಾಸ್ ಸರ್ಕಾರದ ಸಸ್ಯವಿಜ್ಞಾನಿ ಸಿ.ಎ. ಬಾರ್ಬರ್ ಗಂಧದ ಹೀರುಬೇರಿನ ರಚನೆಯನ್ನು ಪದರ ಪದರವಾಗಿ ಬಿಡಿಸಿ ವಿವರಿಸಿದರು. ಬೇರಿನ ಮೇಲೆ ಮೂಡುವ ಪುಟ್ಟ ಗಂಟು ಆಸರೆ ಗಿಡದ ಬೇರನ್ನು ಕವುಚಿಕೊಂಡು, ನಡುವಿನಿಂದ ಒಂದು ಬೆಣೆಯನ್ನು ಒಳಕ್ಕೆ ತೂರಿಸಿ, ಅಲ್ಲಿನ ನೀರು ಲವಣಗಳನ್ನು ಸೆಳೆಯುತ್ತದೆ. ಹೊಂಗೆಯಿಂದ ತೊಗರಿಯವರೆಗೆ, ಹುಲ್ಲಿನಿಂದ ದೊಡ್ಡ ಮರದವರೆಗೆ 300ಕ್ಕೂ ಹೆಚ್ಚು ಸಸ್ಯಗಳು ಗಂಧಕ್ಕೆ ಆಸರೆಯಾಗಬಲ್ಲವು. ಇಷ್ಟೊಂದು ನಂಟು ಇಟ್ಟುಕೊಂಡ ಮರ ಕಾಯಿಲೆ ಬಿದ್ದಾಗ ತಪ್ಪು ಎಲ್ಲಿದೆ ಎಂದು ಹೇಳುವುದು ಸುಲಭವಲ್ಲ. ಮುಂದೆ ಎದ್ದ ವಾದವಿವಾದಗಳಲ್ಲಿ ಬಹುಪಾಲಿಗೆ ಈ ತೊಡಕೇ ಕಾರಣವಾಯಿತು.

ಸಂಸ್ಥಾನಗಳ ಬೊಕ್ಕಸಕ್ಕೂ ಈ ಮರ ಬೇಕಾಗಿತ್ತು. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮುಂದೆ ಮೈಸೂರು ಸಂಸ್ಥಾನವೂ ಆ ಹಕ್ಕನ್ನು ಬಿಟ್ಟುಕೊಡಲಿಲ್ಲ. ರೈತನ ಹಿತ್ತಲಲ್ಲಿ ತಾನಾಗಿ ಹುಟ್ಟಿದ ಗಂಧವೂ ಸರ್ಕಾರದ್ದೇ ಆಗಿತ್ತು. ಭಾರತದ ಗಂಧದ ಕಾಡಿನಲ್ಲಿ ಹೆಚ್ಚಿನ ಪಾಲು ಇಂದಿನ ಕರ್ನಾಟಕ ಮತ್ತು ತಮಿಳುನಾಡುಗಳಲ್ಲಿ ಹರಡಿದೆ. 1899ರಲ್ಲಿ ಕೊಡಗಿನ ಫ್ರೇಸರ್‌ಪೇಟೆ, ಎಂದರೆ ಇಂದಿನ ಕುಶಾಲನಗರದ ಸುತ್ತ ಮೆಕಾರ್ಥಿ ಎಂಬ ಅಧಿಕಾರಿ ಮರಗಳು ವಿಚಿತ್ರವಾಗಿ ಸಾಯುತ್ತಿರುವುದನ್ನು ಗಮನಿಸಿದಾಗ ಆಡಳಿತಕ್ಕೆ ದಿಗಿಲಾದದ್ದು ಈ ಕಾರಣಕ್ಕೆ. ಕೆಲವೇ ವರ್ಷಗಳಲ್ಲಿ ರೋಗ ಮೈಸೂರು ಸೀಮೆಗೆ ದಾಟಿತು. 1903ರಿಂದ 1916ರ ಒಳಗೆ ಕೊಡಗು ಮೈಸೂರುಗಳಲ್ಲಿ ಹತ್ತಿರ ಹತ್ತು ಲಕ್ಷ ಮರಗಳು ಹೋದವೆಂದು ಅರಣ್ಯ ಸಾಹಿತ್ಯ ದಾಖಲಿಸುತ್ತದೆ. ಆಮೇಲೆ ಸೇಲಂ ಮೊದಲಾದ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳ ಸರದಿ.

ಮೊದಲ ತನಿಖೆಗೆ ಬಂದವರು ಭಾರತ ಸರ್ಕಾರದ ಶಿಲೀಂಧ್ರ ತಜ್ಞ ಇ.ಜೆ. ಬಟ್ಲರ್. 1903ರಲ್ಲಿ ಅವರ ವರದಿ ಪ್ರಕಟವಾಯಿತು. ಬೇರು, ಕಾಂಡ, ಎಲೆ ಯಾವುದರಲ್ಲೂ ಈ ರೋಗದ ಹೊಣೆ ಹೊರಿಸಬಹುದಾದ ಶಿಲೀಂಧ್ರ ಸಿಕ್ಕಲಿಲ್ಲ. ಆ ಕಾಲದ ವಿಜ್ಞಾನದ ಎಲ್ಲೆ ಎಷ್ಟಿತ್ತೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಹೊಗೆಸೊಪ್ಪಿನ ಮೊಸಾಯಿಕ್ ರೋಗದ ಕುರಿತು ಬೈಜರಿಂಕ್ ವೈರಸ್ಸಿನ ಕಲ್ಪನೆಯನ್ನು ಮುಂದಿಟ್ಟದ್ದು 1898ರಲ್ಲಿ, ಎಂದರೆ ಕೊಡಗಿನಲ್ಲಿ ರೋಗ ಕಾಣಿಸಿದ ಹಿಂದಿನ ವರ್ಷವಷ್ಟೇ.

1917 ಈ ಚರಿತ್ರೆಯ ದೊಡ್ಡ ತಿರುವು. ಆ ವರ್ಷ ಒಂದಕ್ಕೊಂದು ಎದುರಾಗಿ ನಿಂತ ಎರಡು ವಾದಗಳು ಹೊರಬಂದವು. ಡೆಹ್ರಾಡೂನಿನ ಅರಣ್ಯ ಸಂಶೋಧನ ಸಂಸ್ಥೆಯ ಸಸ್ಯವಿಜ್ಞಾನಿ ಆರ್.ಎಸ್. ಹೋಲ್ ಇದು ಸೋಂಕೇ ಇರಲಾರದು ಎಂದರು. ಬೆಂಕಿ, ಬರ, ಆಸರೆ ಗಿಡಗಳ ಸಾವು ಇವುಗಳಿಂದ ಮರದೊಳಗೆ ರಸ ಹರಿಯುವ ಕ್ರಮ ಏರುಪೇರಾಗುತ್ತದೆ, ಸ್ಪೈಕ್ ಅದರ ಫಲ ಎಂಬುದು ಅವರ ವಿವರಣೆ. ಕಾಡುಗಳಲ್ಲಿ ತಿರುಗಾಡಿದವರಿಗೆ ಈ ಮಾತು ಹಿಡಿಸುವಂತಿತ್ತು. ಬೆಂಕಿ ಬಿದ್ದು ಲಂಟಾನ ಹಬ್ಬಿದ ಜಾಗದಲ್ಲೇ ಅವರು ರೋಗವನ್ನು ಕಂಡದ್ದು ಹೆಚ್ಚು.

ಇತ್ತ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಲೆಸ್ಲಿ ಕೋಲ್ಮನ್ ಬೇರೆ ದಾರಿ ಹಿಡಿದಿದ್ದರು. ಕೆನಡಾದ ಕೋಲ್ಮನ್ 1908ರಲ್ಲಿ ಮೈಸೂರಿಗೆ ಬಂದವರು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಮದ್ದು ಹೇಳಿಕೊಟ್ಟು ಹೆಸರಾಗಿದ್ದರು. ಅವರು ಮಾಡಿದ್ದು ತೀರ ಸರಳವಾದ ಪ್ರಯೋಗ. ರೋಗದ ಮರದ ಕುಡಿಯನ್ನು ಕೊಯ್ದು ಆರೋಗ್ಯವಾದ ಗಂಧದ ಗಿಡಕ್ಕೆ ಕಸಿ ಕಟ್ಟಿ ಕಾದರು. ತಿಂಗಳುಗಳು ಕಳೆದ ಮೇಲೆ ಕೆಳಗಿನ ಗಿಡದ್ದೇ ಚಿಗುರಿನಲ್ಲಿ ಆ ಸೆಟೆದ ಸಣ್ಣೆಲೆಗಳು ಮೂಡಿದವು. ಬೆಂಕಿಯಿಲ್ಲ, ಬರವಿಲ್ಲ, ಆಸರೆ ಗಿಡ ಸತ್ತಿಲ್ಲ. ಆದರೂ ರೋಗ ಬಂತು. ಅಮೆರಿಕದಲ್ಲಿ ಎರ್ವಿನ್ ಸ್ಮಿತ್ ಪೀಚ್ ಮರದ ಹಳದಿ ರೋಗ ಮೊಗ್ಗುಕಸಿಯಿಂದ ಹರಡುತ್ತದೆಂದು ಹಿಂದೆಯೇ ತೋರಿಸಿದ್ದರು. ಕೋಲ್ಮನ್ ಅದೇ ಬಗೆಯ ಸಾಕ್ಷ್ಯವನ್ನು ಗಂಧಕ್ಕೆ ಒದಗಿಸಿದರು. ಸ್ಪೈಕ್ ಒಂದು ಸೋಂಕು ಎಂಬುದು ಅಲ್ಲಿಗೆ ಖಚಿತವಾಯಿತು.

ಕೋಲ್ಮನ್ ಗೆದ್ದರು, ಹೋಲ್ ಸೋತರು ಎಂದು ಪುಸ್ತಕಗಳು ಸಾಮಾನ್ಯವಾಗಿ ಮುಗಿಸುತ್ತವೆ. ಅದು ಅರ್ಧ ಸರಿ. ರೋಗದ ಮೂಲದ ವಿಷಯದಲ್ಲಿ ಹೋಲ್ ಎಡವಿದರು ನಿಜ. ಆದರೆ ಕೆಲವು ಕಾಡು ಬೇಗ ಸಾಯುವುದೇಕೆ, ಪಕ್ಕದ ಕಾಡು ಉಳಿಯುವುದೇಕೆ ಎಂಬ ಅವರ ಪ್ರಶ್ನೆಗೆ ಕಸಿಯ ಪ್ರಯೋಗದಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆ ಮುಂದಿನ ನೂರು ವರ್ಷವೂ ಸಂಶೋಧಕರನ್ನು ಬಿಡಲಿಲ್ಲ.

ಇದೇ ಹೊತ್ತಿಗೆ ಗಂಧದ ಬೆಲೆಯೂ ಏರಿತ್ತು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಕೊರಡುಗಳ ರಫ್ತು ನಿಂತಾಗ ಮೈಸೂರು ಸರ್ಕಾರ ತಾನೇ ಎಣ್ಣೆ ತೆಗೆಯಲು ಹೊರಟಿತು. ಬಟ್ಟಿ ಇಳಿಸುವ ವಿಧಾನವನ್ನು ಹದಗೊಳಿಸಲು ಭಾರತೀಯ ವಿಜ್ಞಾನ ಸಂಸ್ಥೆ ನೆರವಾಯಿತು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆಗಳು ಶುರುವಾದವು. ಕಾರ್ಖಾನೆಗೆ ಮರ ಬೇಕು, ಮರ ಸಾಯುತ್ತಿದೆ. ರೋಗದ ಮರಗಳಿಗೆ ಆರ್ಸೆನಿಕ್ ವಿಷ ಹಾಕಿ ಕೊಂದು ಸೋಂಕು ತಡೆಯುವ ಪ್ರಯತ್ನಗಳೂ ನಡೆದವು.

1920ರ ದಶಕದ ಉತ್ತರಾರ್ಧದಿಂದ ಬೆಂಗಳೂರಿನ ವಿಜ್ಞಾನ ಸಂಸ್ಥೆ ಸ್ಪೈಕ್ ಸಂಶೋಧನೆಯ ಕೇಂದ್ರವಾಯಿತು. ಜೀವರಸಾಯನ ವಿಭಾಗದಲ್ಲಿ ಎಂ. ಶ್ರೀನಿವಾಸಯ್ಯ, ಎ.ವಿ. ವರದರಾಜ ಅಯ್ಯಂಗಾರ್ ಮತ್ತು ಸಂಗಡಿಗರು ಮರದ ರಸವನ್ನೂ ಎಲೆಯನ್ನೂ ಬೇರನ್ನೂ ವಿಶ್ಲೇಷಿಸಿದರು. ರೋಗದ ಎಲೆಯಲ್ಲಿ ಸುಣ್ಣದ ಅಂಶ ಇಳಿದು ಸಾರಜನಕ ಏರುವುದು ತಿಳಿಯಿತು. ಇವೆರಡರ ಅನುಪಾತವನ್ನೇ ರೋಗದ ಅಳತೆಗೋಲಾಗಿ ಬಳಸಲಾಯಿತು. ಶ್ರೀನಿವಾಸಯ್ಯ ಕಸಿಯ ವಿಧಾನವನ್ನು ಇನ್ನೂ ಸೂಕ್ಷ್ಮಗೊಳಿಸಿದರು. ರೋಗದ ಎಲೆಯ ಒಂದು ತುಣುಕನ್ನು ಆರೋಗ್ಯವಾದ ಗಿಡದ ತೊಗಟೆಯಡಿ ಸೇರಿಸಿದರೂ ಸಾಕು, ಸೋಂಕು ಹತ್ತುತ್ತಿತ್ತು. ಮರದೊಳಗೆ ರೋಗವಿದ್ದರೂ ಹೊರಗೆ ಲಕ್ಷಣ ತೋರದೆ ಇರಬಹುದು ಎಂಬುದನ್ನೂ ಅವರು 1930ರಲ್ಲಿ ವರದಿ ಮಾಡಿದರು. ಈ ಒಂದು ಶೋಧದ ತೂಕ ದೊಡ್ಡದು. ಕಣ್ಣಿಗೆ ಕಂಡ ಮರಗಳನ್ನಷ್ಟೇ ಕಡಿದು ರೋಗ ಓಡಿಸುವ ಉಪಾಯ ಏಕೆ ಕೈಕೊಡುತ್ತಿತ್ತು ಎಂಬುದಕ್ಕೆ ವಿವರಣೆ ಇಲ್ಲಿತ್ತು. ಇನ್ನೊಂದು ಕಡೆ ಎಂ.ಜೆ. ನರಸಿಂಹನ್ ರೋಗದ ಜೀವಕೋಶಗಳೊಳಗೆ ಅಸಹಜ ಕಾಯಗಳಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದರು.

ಕಸಿಯಿಂದ ಹರಡುತ್ತದೆ ಸರಿ, ಆದರೆ ಕಾಡಿನಲ್ಲಿ ಕಸಿ ಕಟ್ಟುವವರಾರು? ಸಂಶಯ ರಸ ಹೀರುವ ಹುಳುಗಳ ಮೇಲೆ ಬಿತ್ತು. ಕೊಡಗಿನ ಫ್ರೇಸರ್‌ಪೇಟೆ ಮತ್ತು ಉತ್ತರ ಸೇಲಂನ ಅಯ್ಯೂರುಗಳಲ್ಲಿ ಗಂಧದ ಮೇಲೆ ಕೂರುವ ಕೀಟಗಳನ್ನೆಲ್ಲ ಹಿಡಿದು ಪಟ್ಟಿಮಾಡುವ ಬೃಹತ್ ಸಮೀಕ್ಷೆ ನಡೆಯಿತು. ವಿಜ್ಞಾನಕ್ಕೆ ಅದುವರೆಗೆ ತಿಳಿಯದ ಎಷ್ಟೋ ಕೀಟ ಜಾತಿಗಳಿಗೆ ಹೆಸರು ಬಂದದ್ದು ಈ ಸಂಗ್ರಹದಿಂದ. ಒಂದು ಮರದ ಕಾಯಿಲೆಯ ನೆಪದಲ್ಲಿ ಕುರುಚಲು ಕಾಡಿನ ಕೀಟಲೋಕವೇ ದಾಖಲಾಯಿತೆಂಬುದು ಆ ಶ್ರಮದ ದೊಡ್ಡ ಲಾಭ. 1930ರ ದಶಕದ ನಡುವೆ ರಂಗಸ್ವಾಮಿ ಮತ್ತು ಶ್ರೀನಿವಾಸಯ್ಯ ಒಂದು ಜಿಗಿಹುಳು ರೋಗವನ್ನು ಸಾಗಿಸುತ್ತದೆಂದು ಪ್ರಕಟಿಸಿದರು. 1978ರಲ್ಲಿ ಶಿವರಾಮಕೃಷ್ಣನ್ ಮತ್ತು ಸೇನ್‌ಶರ್ಮ ಭತ್ತದ ಗದ್ದೆಯ ಹಸಿರು ಜಿಗಿಹುಳುವಿನಿಂದ ಪ್ರಯೋಗದಲ್ಲಿ ಸೋಂಕು ದಾಟಿಸಿದ್ದನ್ನು ವರದಿ ಮಾಡಿದರು. ಪಂಜರದೊಳಗೆ ರೋಗ ದಾಟಿಸುವ ಹುಳುವೇ ಕಾಡಿನಲ್ಲೂ ಆ ಕೆಲಸ ಮಾಡುತ್ತದೆಯೇ ಎಂಬ ಚರ್ಚೆ ಮಾತ್ರ ಮುಗಿದಿಲ್ಲ.

ರೋಗಾಣುವಿನ ಗುಟ್ಟು ಒಡೆದದ್ದು ಜಪಾನಿನ ಹಿಪ್ಪುನೇರಳೆ ತೋಟದಲ್ಲಿ. 1967ರಲ್ಲಿ ದೊಯಿ ಮತ್ತು ಸಂಗಡಿಗರು ಹಿಪ್ಪುನೇರಳೆಯ ಕುಬ್ಜ ರೋಗವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದಾಗ ಆಹಾರ ಸಾಗಿಸುವ ನಾಳಗಳಲ್ಲಿ, ಎಂದರೆ ಫ್ಲೋಯಮ್‌ನಲ್ಲಿ, ಗೋಡೆಯಿಲ್ಲದ ದುಂಡು ಕಾಯಗಳು ಕಂಡವು. ವೈರಸ್ ರೋಗವೆಂದು ಅಂದುಕೊಂಡಿದ್ದ ಹತ್ತಾರು ಕಾಯಿಲೆಗಳನ್ನು ಜಗತ್ತಿನಾದ್ಯಂತ ಮತ್ತೆ ಪರೀಕ್ಷಿಸಲು ಶುರುಮಾಡಿದರು. ಸ್ಪೈಕ್ ಆ ಸಾಲಿನಲ್ಲಿ ಮುಂದಿತ್ತು. 1969ರಲ್ಲಿ ಮೂರು ತಂಡಗಳು ಬೇರೆಬೇರೆಯಾಗಿ ಅದೇ ಬಗೆಯ ಕಾಯಗಳನ್ನು ಗಂಧದಲ್ಲಿ ಕಂಡವು: ಹಲ್, ಹಾರ್ನ್ ಮತ್ತು ನಾಯರ್ ಅವರದು ಒಂದು, ನೆದರ್ಲೆಂಡ್ಸ್‌ನ ಡೈಕ್‌ಸ್ಟ್ರಾ ಮತ್ತು ಈ (Ie) ಅವರದು ಇನ್ನೊಂದು, ವರ್ಮ, ಚೇನುಲು, ರಾಯ್‌ಚೌಧುರಿ ಮೊದಲಾದ ಭಾರತೀಯರದು ಮತ್ತೊಂದು. ಎಲೆಯಲ್ಲಿ ಪಿಷ್ಟ ಯಾಕೆ ಕಟ್ಟಿಕೊಳ್ಳುತ್ತದೆ, ಬೇರು ಯಾಕೆ ಉಪವಾಸ ಬೀಳುತ್ತದೆ ಎಂಬ ಹಳೆಯ ಒಗಟುಗಳಿಗೆ ಈಗ ಅರ್ಥ ಬಂತು. ಆಹಾರ ಇಳಿಯುವ ದಾರಿಯಲ್ಲೇ ರೋಗಾಣು ಮನೆಮಾಡಿತ್ತು.

ಬ್ಯಾಕ್ಟೀರಿಯಾ ವರ್ಗದ ಜೀವಿಯಾದರೆ ಪ್ರತಿಜೀವಕಕ್ಕೆ ಬಗ್ಗಬೇಕು. 1970ರ ದಶಕದಲ್ಲಿ ರೋಗದ ಮರಗಳ ಕಾಂಡಕ್ಕೆ ಟೆಟ್ರಾಸೈಕ್ಲಿನ್ ಕೊಟ್ಟು ನೋಡಿದರು. ಎಲೆಗಳು ಮತ್ತೆ ಅಗಲವಾದವು, ಹೊಸ ಚಿಗುರು ಬಂತು. ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಔಷಧದ ಪ್ರಭಾವ ಇಳಿದಂತೆ ರೋಗ ಮರುಕಳಿಸಿತು. ಸಾವಿರಾರು ಎಕರೆ ಕಾಡಿನ ಮರಮರಕ್ಕೂ ತಿಂಗಳು ತಿಂಗಳು ಮದ್ದು ಕೊಡುವುದು ಆಗುವ ಮಾತೂ ಅಲ್ಲ. ಸಾಧ್ಯವಿದ್ದರೂ ಅಷ್ಟು ಪ್ರತಿಜೀವಕವನ್ನು ಕಾಡಿಗೆ ಸುರಿಯುವುದು ಸರಿಯಲ್ಲ.

ಹೀಗಾಗಿ ಸಂಶೋಧನೆ ಬೇಗ ಪತ್ತೆಹಚ್ಚುವತ್ತ ಮತ್ತು ರೋಗ ತಡೆಯುವ ಮರಗಳ ಹುಡುಕಾಟದತ್ತ ತಿರುಗಿತು. ಬೆಂಗಳೂರಿನಲ್ಲಿ 1938ರಿಂದ ಇದ್ದ ಅರಣ್ಯ ಸಂಶೋಧನ ಪ್ರಯೋಗಾಲಯ, 1977ರಲ್ಲಿ ಬಂದ ಗಂಧ ಸಂಶೋಧನ ಕೇಂದ್ರ ಇವುಗಳ ಪರಂಪರೆಯಲ್ಲಿ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ರೂಪುಗೊಂಡಿತು. ಕೇರಳದ ಮರಯೂರಿನ ಗಂಧದ ಕಾಡಿಗೂ ರೋಗ ಕಾಲಿಟ್ಟ ಮೇಲೆ ಆ ರಾಜ್ಯದ ಅರಣ್ಯ ಸಂಶೋಧನ ಸಂಸ್ಥೆಯ ಥಾಮಸ್ ಮತ್ತು ಬಾಲಸುಂದರನ್ 1990ರ ದಶಕದ ಕೊನೆಗೆ ಹೊಳೆಯುವ ಬಣ್ಣ ಬಳಸಿ ನಾಳದೊಳಗಿನ ರೋಗಾಣುವನ್ನು ತೋರಿಸುವ ವಿಧಾನವನ್ನು ಪ್ರಕಟಿಸಿದರು. ಡಿಎನ್ಎ ಪರೀಕ್ಷೆ ಬಂದ ಮೇಲೆ ಸ್ಪೈಕ್‌ನ ರೋಗಾಣು ಆಸ್ಟರ್ ಹಳದಿ ಗುಂಪಿಗೆ ಸೇರಿದ್ದೆಂದು ತಿಳಿಯಿತು. ಅದೇ ಗುಂಪಿನ ಫೈಟೊಪ್ಲಾಸ್ಮಾಗಳು ತರಕಾರಿ ಹೂಗಿಡಗಳನ್ನೂ ಕಾಡುತ್ತವೆ. ಗಂಧದ ಸುತ್ತ ಬೆಳೆಯುವ ಬೋರೆ ಜಾತಿಯ ಮುಳ್ಳುಪೊದೆಯಂಥ ಸಸ್ಯಗಳಲ್ಲಿ ಕಾಣುವ ಪೊರಕೆಗೊಂಚಲು ರೋಗಕ್ಕೂ ಸ್ಪೈಕ್‌ಗೂ ಇರುವ ನಂಟಿನ ಪ್ರಶ್ನೆ ಇದರಿಂದ ಮತ್ತೆ ಎದ್ದಿದೆ.

ಇಷ್ಟರಲ್ಲಿ ಮರವೇ ವಿರಳವಾಗಿದೆ. ರೋಗ, ಕಳ್ಳಸಾಗಣೆ, ಬೆಂಕಿ ಮೂರೂ ಸೇರಿ ದೇಶದ ಗಂಧದ ಉತ್ಪಾದನೆಯನ್ನು ಕುಗ್ಗಿಸಿದವು. 1998ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣ ಒಕ್ಕೂಟ ಶ್ರೀಗಂಧವನ್ನು ಅಪಾಯದಂಚಿನ ಜಾತಿಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು ಜಮೀನಿನಲ್ಲಿರುವ ಗಂಧದ ಒಡೆತನವನ್ನು ಹಿಡುವಳಿದಾರನಿಗೇ ಕೊಟ್ಟಿತು. ಮರುವರ್ಷ ತಮಿಳುನಾಡೂ ಅದೇ ಹೆಜ್ಜೆಯಿಟ್ಟಿತು. ಅಂದಿನಿಂದ ರೈತರ ಹೊಲಗಳಲ್ಲಿ ಗಂಧದ ತೋಟಗಳು ಎದ್ದಿವೆ. ಕುರುಚಲು ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಬೆಳೆಯುತ್ತಿದ್ದ ಮರ ಈಗ ಸಾಲುಸಾಲಾಗಿ, ಒತ್ತಾಗಿ, ತೊಗರಿ ಮತ್ತು ಗಾಳಿಮರಗಳ ಆಸರೆಯಲ್ಲಿ ನಿಂತಿದೆ. ಸಸಿಗಳು ಜಿಲ್ಲೆಯಿಂದ ಜಿಲ್ಲೆಗೆ ಲಾರಿಯಲ್ಲಿ ಸಾಗುತ್ತಿವೆ. ಲಕ್ಷಣ ತೋರದ ಸೋಂಕಿನ ಬಗ್ಗೆ 1930ರಲ್ಲಿ ಹೇಳಿದ್ದು ಇಂದು ನರ್ಸರಿಯ ಸಮಸ್ಯೆಯಾಗಿದೆ. ಸಸಿ ಹೊರಡುವ ಮೊದಲೇ ಡಿಎನ್ಎ ಪರೀಕ್ಷೆ ಮಾಡುವುದು, ರೋಗದ ಕಾಡಿನ ನಡುವೆಯೂ ವರ್ಷಗಟ್ಟಲೆ ಆರೋಗ್ಯವಾಗಿ ನಿಂತ ಮರಗಳಿಂದ ಸಸ್ಯ ಸಂತಾನ ಬೆಳೆಸುವುದು, ತೋಟದ ಬದಿಯ ಕಳೆಗಳಲ್ಲೂ ಜಿಗಿಹುಳುಗಳಲ್ಲೂ ರೋಗಾಣು ಇದೆಯೇ ಎಂದು ಹುಡುಕುವುದು ಈಗಿನ ಸಂಶೋಧನೆಯ ಮುಖ್ಯ ದಿಕ್ಕುಗಳು.